ದೆಹಲಿಗೆ ಎಷ್ಟು ದೂರ, ಎಷ್ಟು ಹೊತ್ತು?

ನಮ್ಮ ಸೋದರಮಾವನ ಮೊಮ್ಮಗಳ ನಾಮಕರಣ ದೆಹಲಿಯಲ್ಲಿತ್ತು. ಟಿಕೆಟ್‌ನಲ್ಲಿ ತಾರೀಖು 12 ಎಂದಿತ್ತು, ಹೊರಡುವ ಸಮಯ 00:40. ಮಾವ 12ನೇ ತಾರೀಖು ರಾತ್ರಿ ಊಟ ಮುಗಿಸಿ, ಕೊಬ್ಬರಿ ಮಿಠಾಯಿಯ ಡಬ್ಬಿ ಹಿಡಿದು, ಹನ್ನೊಂದು ಗಂಟೆಗೆ ದೇವನಹಳ್ಳಿಯ ವಿಮಾನ ನಿಲ್ದಾಣ ತಲುಪಿದರು. ಅವರು ಹತ್ತಬೇಕಿದ್ದ ವಿಮಾನ ಹೋಗಿ ಆಗಲೇ ಇಪ್ಪತ್ತೆರಡು ಗಂಟೆ ಕಳೆದಿತ್ತು. ಮರುದಿನ ದುಬಾರಿ ಟಿಕೆಟ್ ಕೊಂಡು ಅವರು ದೆಹಲಿ ಮುಟ್ಟುವ ಹೊತ್ತಿಗೆ ಹೆಸರಿಟ್ಟು ಮಗುವನ್ನು ತೊಟ್ಟಿಲಿಗೆ ಹಾಕಿ ಆಗಿತ್ತು.

ತಪ್ಪು ಮಾವನದಲ್ಲ ಎಂದೇ ನನಗೆ ಇವತ್ತಿಗೂ ಅನ್ನಿಸುತ್ತದೆ. ಪಂಚಾಂಗದ ಲೆಕ್ಕದಲ್ಲಿ ದಿನ ಶುರುವಾಗುವುದು ಸೂರ್ಯೋದಯಕ್ಕೆ. ಶಿವರಾತ್ರಿಯ ಜಾಗರಣೆ ಬೆಳಗಾಗುವವರೆಗೂ ಒಂದೇ ರಾತ್ರಿ. ಹನ್ನೆರಡು ಹೊಡೆದ ಮೇಲೂ ನಮ್ಮ ಮನೆಗಳಲ್ಲಿ ಅದು ‘ಇವತ್ತು ರಾತ್ರಿ’ಯೇ. ಟಿಕೆಟ್ ಮಾತ್ರ ಸರಿಯಾಗಿ ನಡುರಾತ್ರಿಗೆ ತಾರೀಖು ಬದಲಿಸುತ್ತದೆ. 12ನೇ ತಾರೀಖಿನ 00:40 ಅಂದರೆ 11ರ ರಾತ್ರಿ ಊಟವಾದ ಮೇಲೆ ಮನೆ ಬಿಡಬೇಕು. ಹೊರಡುವ ಸಮಯ 00:00ರಿಂದ 04:00ರ ನಡುವೆ ಇದ್ದರೆ, ಟಿಕೆಟ್ ಕೈಗೆ ಬಂದ ಕ್ಷಣವೇ ಗೋಡೆಯ ಕ್ಯಾಲೆಂಡರಿನಲ್ಲಿ ಹಿಂದಿನ ದಿನದ ಚೌಕಕ್ಕೆ ಗುರುತು ಹಾಕಿ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಆ ಘಟನೆಯ ನಂತರ, ಯಾರಾದರೂ “ಅಲ್ಲಿಗೆ ವಿಮಾನದಲ್ಲಿ ಎಷ್ಟು ಹೊತ್ತಾಗುತ್ತೆ?” ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಹೇಳುವುದನ್ನು ಬಿಟ್ಟಿದ್ದೇನೆ. ಆಕಾಶದಲ್ಲಿ ಕಳೆಯುವ ಹೊತ್ತು ಬೇರೆ, ಟಿಕೆಟ್ ತೋರಿಸುವ ಹೊತ್ತು ಬೇರೆ, ಮನೆಗೆ ಬೀಗ ಹಾಕಿದಾಗಿನಿಂದ ಆಗುವ ಹೊತ್ತು ಇನ್ನೂ ಬೇರೆ. ಕೇಳಿದವರಿಗೆ ನಿಜವಾಗಿ ಬೇಕಾಗಿರುವುದು ಮೂರನೆಯದು. ಆದರೆ ಅಲ್ಲಿಗೆ ಹೋಗಬೇಕಾದರೆ ಮೊದಲನೆಯದರಿಂದ ಹೊರಡಬೇಕು.

ಅಟ್ಲಾಸ್ ಸಾಕು

ಬೆಂಗಳೂರು–ದೆಹಲಿ ದೂರವನ್ನು ಶಾಲೆಯ ಅಟ್ಲಾಸ್ ಇಟ್ಟುಕೊಂಡೇ ಲೆಕ್ಕ ಹಾಕಬಹುದು. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಇರುವುದು 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿ, ದೆಹಲಿಯ ಇಂದಿರಾ ಗಾಂಧಿ ನಿಲ್ದಾಣ 77.1ರಲ್ಲಿ. ಹೆಚ್ಚುಕಡಿಮೆ ಒಂದೇ ಗೆರೆ. ದೆಹಲಿ ನಮಗೆ ನೇರ ಉತ್ತರಕ್ಕಿದೆ. ಹಾಗಾಗಿ ಅಕ್ಷಾಂಶಗಳನ್ನು ಕಳೆದರೆ ಸಾಕು: 28.57ರಲ್ಲಿ 13.20 ಕಳೆದರೆ 15.37. ಒಂದು ಡಿಗ್ರಿ ಅಕ್ಷಾಂಶವೆಂದರೆ ನೆಲದ ಮೇಲೆ ಸುಮಾರು 111 ಕಿ.ಮೀ. ಗುಣಿಸಿದರೆ 1,706. ಕಂಪ್ಯೂಟರಿನ ಲೆಕ್ಕವೂ 1,700ರ ಆಸುಪಾಸಿನಲ್ಲೇ ಬರುತ್ತದೆ. ಕರ್ನಾಟಕ ಎಕ್ಸ್‌ಪ್ರೆಸ್ ರೈಲು ಸೊಲ್ಲಾಪುರ, ಮನ್ಮಾಡ್, ಭೋಪಾಲ್ ಸುತ್ತಿಕೊಂಡು ಅದೇ ದೆಹಲಿಗೆ ಸುಮಾರು 2,400 ಕಿ.ಮೀ. ಓಡಬೇಕು. ನಡುವಿನ 700 ಕಿ.ಮೀ. ಬೆಟ್ಟ, ನದಿ, ಊರುಗಳನ್ನು ಬಳಸಿ ಹೋದ ಲೆಕ್ಕ.

ಈ ಗೆರೆಯ ಪಕ್ಕದಲ್ಲೇ ಇನ್ನೊಂದು ದೊಡ್ಡ ಅಳತೆಯ ಕತೆಯಿದೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆ ಅಳೆದು ಶುರುಮಾಡಿದ ಮಹಾ ತ್ರಿಕೋನ ಸರ್ವೆಯ ಬೆನ್ನೆಲುಬು 78ನೇ ರೇಖಾಂಶದ ಗುಂಟವೇ ಕನ್ಯಾಕುಮಾರಿಯ ಕಡೆಯಿಂದ ಹಿಮಾಲಯದ ಬುಡದವರೆಗೆ ಸಾಗಿತು. ಅದು ದಶಕಗಳೇ ಹಿಡಿದ ಕೆಲಸ. ಬೆಂಗಳೂರಿನಿಂದ ದೆಹಲಿಗೆ ಹಾರುವಾಗ ಕಿಟಕಿಯ ಕೆಳಗೆ ಕಾಣುವ ನೆಲ ಬಹುಪಾಲು ಆ ಸರ್ವೆಯ ಸರಪಳಿ ಎಳೆದವರು ನಡೆದ ನೆಲವೇ. ಹಗಲು ವಿಮಾನ ಸಿಕ್ಕರೆ ಕಿಟಕಿಯ ಸೀಟು ಕೇಳಿ.

ಪೂರ್ವ–ಪಶ್ಚಿಮವಾಗಿ ಇರುವ ಊರುಗಳಿಗೆ ರೇಖಾಂಶ ಕಳೆಯಬೇಕು. ನಮ್ಮ ರಾಜ್ಯದ ಮಟ್ಟದಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ ಸುಮಾರು 108 ಕಿ.ಮೀ. ಮಂಗಳೂರಿನ ಬಜ್ಪೆ ನಿಲ್ದಾಣ 74.89ರಲ್ಲಿದೆ, ದೇವನಹಳ್ಳಿ 77.71ರಲ್ಲಿ. ವ್ಯತ್ಯಾಸ 2.82, ದೂರ ಸುಮಾರು 305 ಕಿ.ಮೀ. ಘಟ್ಟ ಇಳಿಯುವ ರಸ್ತೆಯಲ್ಲಿ ಅದು 350 ಆಗುತ್ತದೆ. ಉತ್ತರಕ್ಕೂ ಪಶ್ಚಿಮಕ್ಕೂ ಓರೆಯಾಗಿರುವ ಹುಬ್ಬಳ್ಳಿಯಂಥ ಊರಿಗೆ ಪೈಥಾಗೊರಸನನ್ನು ಕರೆಯಬೇಕು: ಸುಮಾರು 370 ಕಿ.ಮೀ.

ದೇಶದೊಳಗೆ ಈ ಉಪಾಯ ನಡೆಯುತ್ತದೆ. ಖಂಡ ದಾಟುವಾಗ ನಡೆಯುವುದಿಲ್ಲ. ಭೂಮಿ ಗುಂಡಗಿದೆ, ಅಟ್ಲಾಸಿನ ಹಾಳೆ ಚಪ್ಪಟೆ. ಮನೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರ ತೆಗೆದು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಿಗಿಯಾಗಿ ಎಳೆದು ನೋಡಿ. ನಾವು ಊಹಿಸುವ ಹಾಗೆ ದಾರ ಪೆಸಿಫಿಕ್ ಸಾಗರದ ನಡುವೆ ಹೋಗುವುದಿಲ್ಲ. ಟಿಬೆಟ್, ಚೀನಾ ದಾಟಿ ಸೈಬೀರಿಯಾಕ್ಕೆ ಏರಿ, ಆರ್ಕ್‌ಟಿಕ್ ವೃತ್ತವನ್ನೂ ಮೀರಿ, ಅಲಾಸ್ಕಾದ ಕಡೆಯಿಂದ ಕೆಳಗಿಳಿಯುತ್ತದೆ. ಆ ದಾರದ ಉದ್ದ ಸುಮಾರು 14,000 ಕಿ.ಮೀ. ಮಕ್ಕಳಿಗೆ ಇದನ್ನು ಮಾಡಿ ತೋರಿಸಿ, ಅವರು ಮರೆಯುವುದಿಲ್ಲ.

ದೂರದಿಂದ ಗಂಟೆಗೆ

ದೂರ ಸಿಕ್ಕ ಮೇಲೆ ನಾನು ಬಳಸುವ ಲೆಕ್ಕ ಸರಳ. ಏರ್‌ಬಸ್ ಎ320, ಬೋಯಿಂಗ್ 737ನಂಥ ವಿಮಾನಗಳಿಗೆ ಕಿಲೋಮೀಟರನ್ನು 800ರಿಂದ ಭಾಗಿಸಿ, ಬಂದ ಉತ್ತರಕ್ಕೆ 40 ನಿಮಿಷ ಕೂಡಿಸಿ. ದೆಹಲಿಗೆ 1,700 ಭಾಗಿಸು 800 ಅಂದರೆ 2 ಗಂಟೆ 8 ನಿಮಿಷ. 40 ಸೇರಿಸಿದರೆ 2 ಗಂಟೆ 48 ನಿಮಿಷ. ವೇಳಾಪಟ್ಟಿಗಳಲ್ಲಿ ಕಾಣುವುದೂ ಹೆಚ್ಚುಕಡಿಮೆ ಅಷ್ಟೇ. ಮಂಗಳೂರಿಗೆ ಒಂದು ಗಂಟೆ ಚಿಲ್ಲರೆ. ದುಬೈಗೆ, 2,700 ಕಿ.ಮೀ. ಲೆಕ್ಕದಲ್ಲಿ, ನಾಲ್ಕು ಗಂಟೆ. ಖಂಡಾಂತರ ಹಾರುವ ದೊಡ್ಡ ವಿಮಾನಗಳು ಇನ್ನೂ ವೇಗವಾದ್ದರಿಂದ 850ರಿಂದ ಭಾಗಿಸಿ. ಲಂಡನ್ನಿಗೆ 8,000 ಕಿ.ಮೀ.ಗೆ ಹತ್ತು ಗಂಟೆ ಬರುತ್ತದೆ, ಸ್ಯಾನ್ ಫ್ರಾನ್ಸಿಸ್ಕೋಗೆ ಹದಿನೇಳು. ಹುಬ್ಬಳ್ಳಿ, ಶಿವಮೊಗ್ಗಕ್ಕೆ ಬರುವ ರೆಕ್ಕೆಯ ಮುಂದೆ ಪಂಖಗಳಿರುವ ಎಟಿಆರ್ ವಿಮಾನ ನಿಧಾನ. ಅದಕ್ಕೆ 450 ಹಿಡಿಯಿರಿ.

ಆ 40 ನಿಮಿಷ ಎಲ್ಲಿ ಹೋಗುತ್ತದೆ? ವಿಮಾನ ತನ್ನ ಪೂರ್ಣ ವೇಗಕ್ಕೆ ಬರುವುದು ಮೇಲೇರಿದ ನಂತರ. ಏರಲು ಇಪ್ಪತ್ತು ನಿಮಿಷ, ಇಳಿಯಲು ಅದಕ್ಕಿಂತ ತುಸು ಹೆಚ್ಚು. ಇಳಿಯುವ ತಯಾರಿ ಊರು ಇನ್ನೂ ಇನ್ನೂರು ಕಿ.ಮೀ. ದೂರ ಇರುವಾಗಲೇ ಶುರುವಾಗುತ್ತದೆ. ಇದರ ಮೇಲೆ ನೆಲದ ಓಡಾಟ. ದೇವನಹಳ್ಳಿಯ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ, ದೆಹಲಿಯ ರನ್‌ವೇಗಳೂ ಬಹುಮಟ್ಟಿಗೆ ಹಾಗೆಯೇ. ಉತ್ತರಕ್ಕೆ ಹೋಗಬೇಕಾದ ವಿಮಾನ ಮೊದಲು ಪೂರ್ವಕ್ಕೋ ಪಶ್ಚಿಮಕ್ಕೋ ನೆಗೆದು ಆಮೇಲೆ ತಿರುಗಬೇಕು. ಅಲ್ಲಿ ಇಳಿಯುವಾಗ ಮತ್ತೆ ಅದೇ ತಿರುವು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದನ್ನು ನೋಡಿ ದಿಕ್ಕು ತೀರ್ಮಾನವಾಗುವುದರಿಂದ ಈ ನಿಮಿಷಗಳು ದಿನದಿಂದ ದಿನಕ್ಕೆ ಹೆಚ್ಚುಕಮ್ಮಿ.

ವಿಮಾನ ಗ್ಲೋಬಿನ ಮೇಲೆ ಎಳೆದ ಆ ದಾರದ ಗುಂಟವೇ ಹೋಗುತ್ತದೆ ಎಂದೂ ತಿಳಿಯಬೇಡಿ. ಟಿಬೆಟ್ ಪ್ರಸ್ಥಭೂಮಿಯನ್ನು ಪ್ರಯಾಣಿಕರ ವಿಮಾನಗಳು ಸಾಮಾನ್ಯವಾಗಿ ಬಳಸಿ ಹೋಗುತ್ತವೆ. ಒಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಬೇಗನೆ ಹತ್ತು ಸಾವಿರ ಅಡಿಯ ಎತ್ತರಕ್ಕೆ ಇಳಿಯಬೇಕಾಗುತ್ತದೆ; ಅಲ್ಲಿ ನೆಲವೇ ಹದಿನಾಲ್ಕು ಹದಿನೈದು ಸಾವಿರ ಅಡಿ ಎತ್ತರದಲ್ಲಿದೆ. ಇನ್ನು ಕೆಲವೊಮ್ಮೆ ಆಕಾಶಕ್ಕೇ ಬೇಲಿ ಬೀಳುತ್ತದೆ. 2019ರ ಫೆಬ್ರುವರಿಯಿಂದ ಜುಲೈವರೆಗೆ ಪಾಕಿಸ್ತಾನದ ವಾಯುಮಾರ್ಗ ಮುಚ್ಚಿತ್ತು. 2025ರ ಏಪ್ರಿಲ್‌ನಲ್ಲಿ ಭಾರತೀಯ ವಿಮಾನ ಸಂಸ್ಥೆಗಳಿಗೆ ಅದು ಮತ್ತೆ ಮುಚ್ಚಿತು. ದೆಹಲಿಯಿಂದ ಯುರೋಪ್, ಅಮೆರಿಕಕ್ಕೆ ಹೊರಟ ನಮ್ಮ ವಿಮಾನಗಳು ದಕ್ಷಿಣಕ್ಕೆ ಸುತ್ತು ಹಾಕಬೇಕಾಯಿತು, ಕೆಲವಂತೂ ಇಂಧನಕ್ಕಾಗಿ ನಡುವೆ ಇಳಿಯಬೇಕಾಯಿತು. ಬೆಂಗಳೂರು, ಮಂಗಳೂರಿನಿಂದ ಕೊಲ್ಲಿಗೆ ಹೋಗುವವರಿಗೆ ಈ ಬಾಧೆ ಕಡಿಮೆ. ಅವರ ದಾರಿ ಅರಬ್ಬೀ ಸಮುದ್ರದ ಮೇಲೆ. ಆಕಾಶದ ದಾರಿ ಹೀಗೆ ಬದಲಾಗುವುದರಿಂದ ಹಳೆಯ ಟಿಕೆಟ್ ನೋಡಿ ‘ಹೋದ ಸಲ ಇಷ್ಟೇ ಗಂಟೆ ಆಗಿತ್ತು’ ಎಂದು ಹೊಸ ಪ್ರಯಾಣಕ್ಕೆ ಲೆಕ್ಕ ಹಾಕಬೇಡಿ.

ಗಾಳಿಯ ಪಾಲು

ಹೋಗುವಾಗ ಹತ್ತು ಗಂಟೆ ಹಿಡಿದ ಲಂಡನ್ನಿನಿಂದ ಬರುವಾಗ ಅರ್ಧ ಮುಕ್ಕಾಲು ಗಂಟೆ ಉಳಿಯುತ್ತದೆ. ಭೂಮಿ ತಿರುಗುವುದರಿಂದ ಹೀಗೆ ಎಂದು ಹಲವರು ನಂಬಿದ್ದಾರೆ. ನಾನೂ ಹೈಸ್ಕೂಲಿನಲ್ಲಿ ಹಾಗೇ ನಂಬಿದ್ದೆ. ಓಡುವ ಬಸ್ಸಿನೊಳಗೆ ಹಾರುವ ನೊಣವನ್ನು ನೆನೆಸಿಕೊಳ್ಳಿ. ಬಸ್ಸಿನೊಳಗಿನ ಗಾಳಿ ಬಸ್ಸಿನ ಜೊತೆಗೇ ಸಾಗುತ್ತಿರುವುದರಿಂದ ನೊಣ ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ಒಂದೇ ಸಲೀಸಿನಲ್ಲಿ ಹೋಗುತ್ತದೆ. ಭೂಮಿಯ ಜೊತೆ ಅದರ ವಾತಾವರಣವೂ ಸುತ್ತುತ್ತದೆ. ವ್ಯತ್ಯಾಸ ತರುವುದು ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ, ಅಂದರೆ ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ಜಪಾನಿನ ಹವಾಮಾನ ವಿಜ್ಞಾನಿ ವಾಸಬುರೊ ಒಯಿಶಿ 1920ರ ದಶಕದಲ್ಲಿ ಬಲೂನುಗಳನ್ನು ಹಾರಿಸಿ ಇದನ್ನು ಅಳೆದಿದ್ದರು. ಜಗತ್ತಿಗೆಲ್ಲ ತಿಳಿಯಲಿ ಎಂದು ಆ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಬರೆದರು. ಅದನ್ನು ಓದಬಲ್ಲವರೇ ಕಡಿಮೆ ಇದ್ದುದರಿಂದ ಅವರ ಮಾತು ಬಹುಕಾಲ ಯಾರ ಕಿವಿಗೂ ಬೀಳಲಿಲ್ಲ.

2020ರ ಫೆಬ್ರುವರಿಯಲ್ಲಿ ಬಿರುಗಾಳಿಯ ಹೊತ್ತಿನಲ್ಲಿ ಬ್ರಿಟಿಷ್ ಏರ್‌ವೇಸ್‌ನ ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷಕ್ಕೆ ಬಂದುಬಿಟ್ಟಿತು. ಸಾಮಾನ್ಯವಾಗಿ ಆರೂವರೆ ಗಂಟೆಯ ದಾರಿ ಅದು. ನಮ್ಮ ದೇಶದಲ್ಲಿ ಈ ಗಾಳಿ ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಬಲವಾಗಿರುತ್ತದೆ. ದೆಹಲಿಯಿಂದ ಕೋಲ್ಕತ್ತಕ್ಕೆ ಹೋಗುವಾಗ ಬೆನ್ನಿಗಿದ್ದದ್ದು ಬರುವಾಗ ಎದುರಾಗುತ್ತದೆ. ಬೆಂಗಳೂರು–ದೆಹಲಿ ಉತ್ತರ–ದಕ್ಷಿಣವಾದ್ದರಿಂದ ಗಾಳಿ ಪಕ್ಕದಿಂದ ಬಡಿಯುತ್ತದೆ, ಸಮಯದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಆ ದಾರಿಯಲ್ಲಿ ಡಿಸೆಂಬರ್, ಜನವರಿಯ ನಿಜವಾದ ಶತ್ರು ದೆಹಲಿಯ ಮಂಜು. ಆ ತಿಂಗಳುಗಳಲ್ಲಿ ಸಂದರ್ಶನ, ಪರೀಕ್ಷೆ, ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಇದ್ದರೆ ಬೆಳಗಿನ ವಿಮಾನ ನಂಬಿಕೊಳ್ಳದೆ ಹಿಂದಿನ ಮಧ್ಯಾಹ್ನವೇ ಹೋಗಿ ಉಳಿಯಿರಿ. ದೇವನಹಳ್ಳಿಗೂ ಚಳಿಗಾಲದ ನಸುಕಿನಲ್ಲಿ ಮಂಜು ಕವಿಯುತ್ತದೆ.

ಟಿಕೆಟ್ಟಿನ ಗಡಿಯಾರ

ಟಿಕೆಟ್ಟಿನಲ್ಲಿ ಅಚ್ಚಾಗಿರುವ ಹೊರಡುವ ಸಮಯ ವಿಮಾನ ನೆಲ ಬಿಡುವ ಸಮಯವಲ್ಲ. ಗಾಲಿಗೆ ಕೊಟ್ಟಿರುವ ಅಡ್ಡೆ ತೆಗೆದು ವಿಮಾನ ನಿಂತ ಜಾಗದಿಂದ ಅಲುಗುವ ಸಮಯ ಅದು. ತಲುಪುವ ಸಮಯವೂ ಹಾಗೆಯೇ, ಅಲ್ಲಿ ಗಾಲಿಗೆ ಅಡ್ಡೆ ಕೊಡುವ ಹೊತ್ತು. ಸಂಸ್ಥೆಗಳು ಇದರಲ್ಲಿ ಒಂದಿಷ್ಟು ನಿಮಿಷ ಹೆಚ್ಚಿಗೆ ಸೇರಿಸಿ ಇಟ್ಟುಕೊಂಡಿರುತ್ತವೆ. ಅದಕ್ಕೇ ಇಪ್ಪತ್ತು ನಿಮಿಷ ತಡವಾಗಿ ಹೊರಟ ವಿಮಾನ ಎಷ್ಟೋ ಸಲ ವೇಳೆಗೆ ಸರಿಯಾಗಿ ತಲುಪುತ್ತದೆ. ಹದಿನೈದು ನಿಮಿಷದೊಳಗಿನ ತಡವನ್ನು ಅವರ ಲೆಕ್ಕದಲ್ಲಿ ತಡವೆಂದೇ ಹಿಡಿಯುವುದಿಲ್ಲ.

ಎರಡೂ ಸಮಯಗಳು ಆಯಾ ಊರಿನ ಗಡಿಯಾರದವು. ದೆಹಲಿಗೆ ಹೋಗುವಾಗ ಇದು ತೊಡಕಲ್ಲ. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಬೆಳಿಗ್ಗೆ 10ಕ್ಕೆ ಬೆಂಗಳೂರು ಬಿಟ್ಟರೆ ಟಿಕೆಟ್ಟಿನಲ್ಲಿ 12:30ಕ್ಕೆ ತಲುಪುವುದು ಎಂದಿರುತ್ತದೆ, ಎರಡೂವರೆ ಗಂಟೆಯ ಪ್ರಯಾಣದಂತೆ ಕಾಣುತ್ತದೆ. ಕುಳಿತಿರುವುದು ನಾಲ್ಕು ಗಂಟೆ. ಬರುವಾಗ ಅದೇ ಒಂದೂವರೆ ಗಂಟೆ ಎದುರು ದಿಕ್ಕಿನಲ್ಲಿ ಸೇರಿಕೊಂಡು ಪ್ರಯಾಣ ಐದು ಗಂಟೆ ಮೀರಿದಂತೆ ತೋರುತ್ತದೆ. ತಲುಪುವ ಸಮಯದ ಪಕ್ಕ ‘+1’ ಎಂದಿದ್ದರೆ ಮರುದಿನ ಎಂದರ್ಥ. ಆ ಪುಟ್ಟ ಗುರುತನ್ನು ನೋಡದೆ ಕರೆದುಕೊಂಡು ಹೋಗಲು ಒಂದು ದಿನ ಮೊದಲೇ ಬಂದು ಕಾದವರನ್ನು ನಾನು ಬಲ್ಲೆ.

ಅಮೆರಿಕದ ವಿಷಯದಲ್ಲಿ ಇಡೀ ದಿನವೇ ಹೋಗಿಬಿಡುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಹಾರಿಸಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಪೈಲಟ್‌ಗಳೆಲ್ಲ ಮಹಿಳೆಯರೇ. ವೇಳಾಪಟ್ಟಿಯಂತೆ ಅಲ್ಲಿ ಬಿಡುವುದು ಶನಿವಾರ, 9ನೇ ತಾರೀಖು ರಾತ್ರಿ 8:30. ಇಲ್ಲಿ ತಲುಪುವುದು ಸೋಮವಾರ, 11ರ ನಸುಕಿನ 3:45. ಭಾನುವಾರ ಎಲ್ಲಿ ಹೋಯಿತು? ಲೆಕ್ಕ ಮಾಡಿ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅಲ್ಲಿನ ಶನಿವಾರ ರಾತ್ರಿ 8:30 ಅಂದರೆ ಇಲ್ಲಿ ಭಾನುವಾರ ಬೆಳಿಗ್ಗೆ 10. ಅಲ್ಲಿಂದ ಸೋಮವಾರ 3:45ಕ್ಕೆ ಹದಿನೇಳು ಮುಕ್ಕಾಲು ಗಂಟೆ. ಎರಡೂ ಸಮಯವನ್ನು ಭಾರತದ ಗಂಟೆಗೆ ತಂದುಕೊಂಡು ಆಮೇಲೆ ಕಳೆಯುವುದೊಂದೇ ಸರಿಯಾದ ದಾರಿ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಆಗ ಅಂತರ ಹನ್ನೆರಡೂವರೆ. ಇಂಥ ನೇರ ಸೇವೆಗಳು ಇಂಧನದ ಬೆಲೆ, ಮಾರ್ಗದ ತೊಡಕು ನೋಡಿಕೊಂಡು ಬರುತ್ತವೆ, ನಿಲ್ಲುತ್ತವೆ. ಯೋಜನೆ ಹಾಕುವ ಮೊದಲು ಸೇವೆ ಇದೆಯೇ ಎಂದು ನೋಡಿಕೊಳ್ಳಿ.

ಬಾಗಿಲಿನಿಂದ ಬಾಗಿಲಿಗೆ

ಈಗ ಮೂರನೆಯ ಲೆಕ್ಕ, ಮನೆಗೆ ಬೀಗ ಹಾಕಿದಾಗಿನಿಂದ ಆಗುವ ಹೊತ್ತು. ಜಯನಗರದಲ್ಲಿ ಮನೆ, ಶಿವಮೊಗ್ಗಕ್ಕೆ ಹೋಗಬೇಕು. 2023ರಲ್ಲಿ ಅಲ್ಲಿ ಕುವೆಂಪು ಹೆಸರಿನ ನಿಲ್ದಾಣ ಆಯಿತು. ಗಾಳಿಯ ದಾರಿ 240 ಕಿ.ಮೀ., ಎಟಿಆರ್‌ನಲ್ಲಿ ಒಂದು ಗಂಟೆ ಹತ್ತು ನಿಮಿಷ. ಕೇಳಲು ಎಷ್ಟು ಚೆನ್ನ. ಆದರೆ ಜಯನಗರದಿಂದ ದೇವನಹಳ್ಳಿಗೆ ನಲವತ್ತು ಕಿ.ಮೀ. ಮೇಲೆ, ಒಂದೂವರೆ ಗಂಟೆ, ಮಳೆ ಬಂದರೆ ಎರಡು. ನಿಲ್ದಾಣದಲ್ಲಿ ಎರಡು ಗಂಟೆ ಮೊದಲು ಇರಬೇಕು. ಶಿವಮೊಗ್ಗದ ನಿಲ್ದಾಣವಿರುವ ಸೋಗಾನೆಯಲ್ಲಿ ಇಳಿದು ಸಾಮಾನು ತೆಗೆದುಕೊಂಡು ಊರೊಳಗೆ ಹೋಗಲು ಮುಕ್ಕಾಲು ಗಂಟೆ. ಕೂಡಿಸಿ: ಐದೂವರೆ ಗಂಟೆ. ಜನಶತಾಬ್ದಿ ರೈಲು ನಾಲ್ಕೂವರೆ ಐದು ಗಂಟೆಯಲ್ಲಿ ಊರ ನಡುವೆ ಇಳಿಸುತ್ತದೆ. ಯಲಹಂಕದವರಿಗೆ, ಬೇರೆ ವಿಮಾನದಿಂದ ಇಳಿದು ಅಲ್ಲಿಂದಲೇ ಮುಂದೆ ಹೋಗುವವರಿಗೆ ಲೆಕ್ಕ ತಿರುಗುತ್ತದೆ. ಜಯನಗರದ ಮನೆಯವರಿಗೆ ನಾನು ರೈಲನ್ನೇ ಹೇಳುತ್ತೇನೆ. ಮಂಗಳೂರಿಗೆ ತೂಕ ವಿಮಾನದ ಕಡೆಗೆ ವಾಲುತ್ತದೆ, ಕಲಬುರಗಿಗೆ ವಿಮಾನ ಸಿಕ್ಕರಂತೂ ಸಂಶಯವಿಲ್ಲ.

ದೆಹಲಿಗೆ ಇದೇ ಲೆಕ್ಕ ಹಾಕಿದರೆ 2 ಗಂಟೆ 50 ನಿಮಿಷದ ಪ್ರಯಾಣ ಎಂಟು ಗಂಟೆಯಾಗುತ್ತದೆ. ದೇಶದೊಳಗಿನ ವಿಮಾನಗಳಿಗೆ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲು, ಗೇಟು 25 ನಿಮಿಷ ಮೊದಲು ಮುಚ್ಚುತ್ತವೆ. ಕಾಲಿಗೆ ಬಿದ್ದರೂ ತೆರೆಯುವುದಿಲ್ಲ. ದೇವನಹಳ್ಳಿಯಲ್ಲಿ ಎರಡು ಟರ್ಮಿನಲ್‌ಗಳಿವೆ. ದೆಹಲಿಯ ಒಂದನೇ ಮತ್ತು ಮೂರನೇ ಟರ್ಮಿನಲ್‌ಗಳ ನಡುವೆ ರಸ್ತೆ ಹಿಡಿದು ಹೋಗಬೇಕಾದಷ್ಟು ಅಂತರ. ವಾಯುವಜ್ರ ಬಸ್ಸಿನವರಿಗಾಗಲಿ ಟ್ಯಾಕ್ಸಿಯವರಿಗಾಗಲಿ ಟರ್ಮಿನಲ್ ಸಂಖ್ಯೆ ಹೇಳಿಯೇ ಹತ್ತಿ. ದೆಹಲಿಯ ಮೂರನೇ ಟರ್ಮಿನಲ್‌ನಿಂದ ಏರ್‌ಪೋರ್ಟ್ ಮೆಟ್ರೊ ಇಪ್ಪತ್ತು ನಿಮಿಷದಲ್ಲಿ ನವದೆಹಲಿ ರೈಲು ನಿಲ್ದಾಣ ಮುಟ್ಟಿಸುತ್ತದೆ.

ವಿಮಾನ ಬದಲಿಸುವುದಿದ್ದರೆ ಎರಡೂ ಒಂದೇ ಬುಕಿಂಗ್‌ನಲ್ಲಿರಲಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವ್ಯವಸ್ಥೆ ಸಂಸ್ಥೆಯ ಹೊಣೆ. ಇನ್ನೂರು ರೂಪಾಯಿ ಉಳಿಸಲು ಬೇರೆ ಬೇರೆ ಟಿಕೆಟ್ ಕೊಂಡರೆ ಹೊಣೆ ನಿಮ್ಮದೇ, ಸಾಮಾನನ್ನೂ ನೀವೇ ಇಳಿಸಿಕೊಂಡು ಮತ್ತೆ ಕೊಡಬೇಕು. ಅಮೆರಿಕಕ್ಕೆ ಹೋಗುವವರು ಆ ದೇಶದಲ್ಲಿ ಮೊದಲು ಇಳಿದ ಊರಿನಲ್ಲೇ ವಲಸೆ ತಪಾಸಣೆ ಮುಗಿಸಿ ಮುಂದಿನ ವಿಮಾನ ಹಿಡಿಯಬೇಕು. ಅಲ್ಲಿ ಮೂರು ಗಂಟೆಗೆ ಕಡಿಮೆ ಅಂತರ ಬೇಡ. ಅಬುಧಾಬಿ ಮೂಲಕ ಹೋದರೆ ಈ ತಪಾಸಣೆ ಅಬುಧಾಬಿಯಲ್ಲೇ ಆಗುತ್ತದೆ, ಆಗ ಆ ಬಿಡುವು ಅಲ್ಲಿ ಬೇಕು.

ಮೊದಲ ಸಲ ಹೋಗುವ ಅಪ್ಪ ಅಮ್ಮಂದಿರಿಗೆ ನಾನು ಒಂದು ಚೀಟಿ ಬರೆದು ಕೊಡುತ್ತೇನೆ. ಅದರಲ್ಲಿ ಎಲ್ಲವೂ ಭಾರತದ ಗಂಟೆಯಲ್ಲಿ, ದಿನದ ಹೆಸರಿನ ಸಮೇತ. ಕೈಗಡಿಯಾರವನ್ನು ಬದಲಿಸಬೇಡಿ ಎಂದೂ ಹೇಳುತ್ತೇನೆ. ರಕ್ತದೊತ್ತಡದ ಮಾತ್ರೆಗಳನ್ನೂ ಆ ಗಂಟೆಗೇ ನುಂಗಬಹುದೇ, ಇನ್ಸುಲಿನ್ ಹೇಗೆ ಎಂದು ಅವರ ವೈದ್ಯರನ್ನು ಕೇಳಿ ಬರೆದಿರುತ್ತೇನೆ. ಚಳಿಗಾಲದಲ್ಲಿ ಹಾಸನದಿಂದ ಹೊರಟು ದುಬೈ ಮೂಲಕ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವ ಜೋಡಿಯೊಂದರ ಚೀಟಿ ಹೀಗಿರುತ್ತದೆ ಎನ್ನಿ:

ಸೋಮವಾರ ರಾತ್ರಿ 7: ಹಾಸನದಲ್ಲಿ ಮನೆ ಬಿಡುವುದು. ರಾತ್ರಿ 12: ದೇವನಹಳ್ಳಿ. ಗಾಲಿಕುರ್ಚಿ ಮೊದಲೇ ಹೇಳಿದೆ, ಕೌಂಟರಿನಲ್ಲಿ ನೆನಪಿಸಿ.

ಮಂಗಳವಾರ ನಸುಕಿನ 4: ವಿಮಾನ ಹೊರಡುತ್ತದೆ. ಬೆಳಿಗ್ಗೆ 8: ದುಬೈ. ಮೂರು ಗಂಟೆ ಕೂತಿರಬೇಕು. ಇಡ್ಲಿ ಪೊಟ್ಟಣ ಇಲ್ಲಿ ಬಿಚ್ಚಿ.

ಮಂಗಳವಾರ 11: ಎರಡನೇ ವಿಮಾನ. ಇಲ್ಲಿಂದ ಹದಿನಾರು ಗಂಟೆ. ಎರಡು ಗಂಟೆಗೊಮ್ಮೆ ಎದ್ದು ಓಡಾಡಿ, ನೀರು ಕುಡಿಯುತ್ತಿರಿ. ಕಿಟಕಿಯ ಹೊರಗೆ ಕತ್ತಲೋ ಬೆಳಕೋ ಎಂದು ತಲೆಕೆಡಿಸಿಕೊಳ್ಳಬೇಡಿ.

ಬುಧವಾರ ನಸುಕಿನ 3: ಸ್ಯಾನ್ ಫ್ರಾನ್ಸಿಸ್ಕೋ. ಹೊರಗೆ ಮಂಗಳವಾರ ಮಧ್ಯಾಹ್ನ ಒಂದೂವರೆಯ ಬಿಸಿಲಿರುತ್ತದೆ, ಗಾಬರಿ ಬೇಡ. ಪಾಸ್‌ಪೋರ್ಟ್ ನೋಡುತ್ತಾರೆ, ಪೆಟ್ಟಿಗೆಗಳು ಬರುತ್ತವೆ.

ಬುಧವಾರ ಬೆಳಗಿನ ಜಾವ 5: ಬಾಗಿಲ ಹೊರಗೆ ಮಗಳು ನಿಂತಿರುತ್ತಾಳೆ.